ಭೂತಾನಿಗೆ ವರ್ಗವಾಗಿದೆ: ಮಕ್ಕಳನ್ನು ಕರೆದೊಯ್ಯುವುದೋ, ಊರಲ್ಲಿ ಬಿಡುವುದೋ?

ಪ್ರಶ್ನೆ, ಮೈಸೂರಿನಿಂದ:
ನನ್ನ ಪತಿ ಸೇನೆಯ ಎಂಜಿನಿಯರ್ ದಳದಲ್ಲಿದ್ದು, ಭೂತಾನಿನ ರಸ್ತೆಗಳನ್ನು ನೋಡಿಕೊಳ್ಳುವ ದಂತಕ್ ಯೋಜನೆಗೆ ವರ್ಗವಾಗಿದ್ದಾರೆ. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ, ಮಗ ಒಂದನೆಯದರಲ್ಲಿ. ಇಬ್ಬರನ್ನೂ ಕರೆದೊಯ್ಯಬೇಕೋ, ಅತ್ತೆ ಮಾವನವರ ಬಳಿ ಬಿಡಬೇಕೋ ತಿಳಿಯದಾಗಿದೆ. ಹೊರದೇಶದಲ್ಲಿ ಹೀಗೆ ಬೆಳೆದವರು ದಯವಿಟ್ಟು ತಿಳಿಸಿ.

ಮಂಡ್ಯದಿಂದ:
ತಂಗೀ, ನನ್ನ ತಂದೆಯವರು ಸೇನೆಯ ಎಂಜಿನಿಯರ್ ದಳಗಳಲ್ಲೊಂದಾದ ಮದ್ರಾಸ್ ಸ್ಯಾಪರ್ಸ್‌ನವರು. ಅವರು ಇದೇ ಯೋಜನೆಯಲ್ಲಿದ್ದಾಗ, ನನ್ನ ಏಳನೆಯ ವಯಸ್ಸಿನಿಂದ ಹತ್ತರವರೆಗೆ ನಾವು ಥಿಂಫುವಿನಲ್ಲಿದ್ದೆವು. ಪಶ್ಚಿಮ ಬಂಗಾಳದ ಹಾಸಿಮಾರಾದಲ್ಲಿ ರೈಲಿಳಿದು ಭೂತಾನಿನ ಗಡಿ ಪಟ್ಟಣವಾದ ಫುಂಟ್ಶೋಲಿಂಗ್‌ನಿಂದ ಬೆಟ್ಟ ಹತ್ತುವಾಗ, ಈ ದಾರಿಯನ್ನು ಕಡಿದವರು 1961ರಲ್ಲಿ ಶುರುವಾದ ದಂತಕ್‌ನವರೇ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಮಾತ್ರ ತಿರುವು ತಿರುವಿಗೂ ವಾಂತಿ ಮಾಡಿಕೊಳ್ಳುತ್ತಿದ್ದೆ. ಮಗನಿಗೆ ವೈದ್ಯರನ್ನು ಕೇಳಿ ಔಷಧಿ ಇಟ್ಟುಕೊಳ್ಳಿ.

ಚಿಕ್ಕವನನ್ನು ಖಂಡಿತ ಕರೆದೊಯ್ಯಿರಿ. ಸದಾ ದೂರದಲ್ಲಿರುತ್ತಿದ್ದ ಅಪ್ಪನ ಜೊತೆ ದಿನವೂ ಕೂತು ಊಟ ಮಾಡಿದ್ದು ಆ ಮೂರು ವರ್ಷ ಮಾತ್ರ. ಅಲ್ಲಿನ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಜೊತೆಗೆ ಜೋಂಗ್‌ಖಾ ಭಾಷೆಯನ್ನೂ ಕಲಿಸುತ್ತಾರೆ. ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. ಆದರೆ ಅಲ್ಲಿ ಶಾಲಾ ವರ್ಷ ಫೆಬ್ರವರಿಯಲ್ಲಿ ತೊಡಗಿ ಡಿಸೆಂಬರಿನಲ್ಲಿ ಮುಗಿಯುವುದರಿಂದ, ನಾವು ಹಿಂದಿರುಗಿದಾಗ ಇಲ್ಲಿನ ಶಾಲೆಯವರು ನಡುವರ್ಷ ಸೇರಿಸಿಕೊಳ್ಳಲು ಒಪ್ಪದೆ ನಾನು ಜೂನ್‌ವರೆಗೆ ಮನೆಯಲ್ಲೇ ಕೂರಬೇಕಾಯಿತು.

ನನ್ನನ್ನು ಇಂದಿಗೂ ನೋಯಿಸುವುದು ಬೇರೆಯೇ. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರೂ ಯಾರೂ ನನ್ನಿಂದ ಬರೆಸಲಿಲ್ಲ. ಊರಿಗೆ ಬಂದಾಗ ನನಗೆ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಅಜ್ಜಿ ಪಕ್ಕದ ಮನೆಯವರಿಂದ ಬರೆಸಿ ಕಳುಹಿಸುತ್ತಿದ್ದ ಕಾಗದಗಳನ್ನೆಲ್ಲ ಅಪ್ಪನೇ ಓದಿ ಹೇಳಬೇಕಿತ್ತು. ನಾನೇ ಒಂದು ಕಾಗದ ಬರೆಯುವಷ್ಟು ಕಲಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಕನ್ನಡ ಪಠ್ಯಪುಸ್ತಕ ಒಯ್ದು, ವಾರಕ್ಕೊಂದಾದರೂ ಕಾಗದವನ್ನು ಮಗನ ಕೈಯಲ್ಲೇ ಬರೆಸಿ.

ಮೈಸೂರು, ಕುವೆಂಪುನಗರದಿಂದ:
ಮಗನಿಗೆ ಹೊರದೇಶಕ್ಕೆ ವರ್ಗವಾದಾಗ ನಾನೂ ನನ್ನಾಕೆಯೂ ಮೊಮ್ಮಗಳನ್ನು ನಮ್ಮಲ್ಲೇ ಇರಿಸಿಕೊಂಡೆವು. ಅವಳಿಗೂ ಆಗ ಎಂಟನೆಯ ತರಗತಿ. ಹೊರದೇಶದ ಕೇಂದ್ರೀಯ ವಿದ್ಯಾಲಯಗಳು ಕಠ್ಮಂಡು, ಮಾಸ್ಕೋ ಮತ್ತು ಟೆಹ್ರಾನ್‌ಗಳಲ್ಲಷ್ಟೇ ಇವೆ. ಒಂಬತ್ತರಲ್ಲೇ ಬೋರ್ಡ್ ಪರೀಕ್ಷೆಗೆ ನೋಂದಣಿ ನಡೆಯುವುದರಿಂದ, ಆ ಹೊತ್ತಿನಲ್ಲಿ ಪಠ್ಯಕ್ರಮ ಬದಲಿಸುವುದು ನಮಗೆ ಸರಿಕಾಣಲಿಲ್ಲ. ಓದೇನೋ ಸುಗಮವಾಗಿ ಸಾಗಿತು. ಆದರೆ ತಮ್ಮನನ್ನು ಕರೆದೊಯ್ದು ತನ್ನನ್ನು ಬಿಟ್ಟುಹೋದರೆಂಬ ಸಂಕಟ ಮಗುವಿನ ಮನಸ್ಸಿನಲ್ಲಿ ಉಳಿಯಿತು. ಅವಳನ್ನು ಒಂದು ಮಾತೂ ಕೇಳದೆ ದೊಡ್ಡವರೇ ತೀರ್ಮಾನಿಸಿದೆವು, ಅದು ನಮ್ಮ ತಪ್ಪು. ನಿಮ್ಮ ಮಗಳನ್ನು ಮೊದಲು ಕೇಳಿ. ಅವಳು ಇಲ್ಲೇ ಉಳಿದರೆ, ಚಳಿಗಾಲದಲ್ಲಿ ಅಲ್ಲಿ ದೀರ್ಘ ರಜೆ ಇರುವುದರಿಂದ ನೀವೂ ಮಗನೂ ಆ ದಿನಗಳನ್ನು ಅವಳ ಜೊತೆ ಮೈಸೂರಿನಲ್ಲೇ ಕಳೆಯಬಹುದು.

ಮದ್ದೂರಿನಿಂದ:
ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿ ವಿಷಯವನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮವಿದ್ದರೂ, ಸೇನೆಗೆ ಸೇರುವಾಗಲೇ ಕರ್ನಾಟಕದ ಊರನ್ನು ಸ್ವಂತ ಊರೆಂದು ಘೋಷಿಸಿದವರ ಮಕ್ಕಳಿಗೆ ಪ್ರತ್ಯೇಕ ಅವಕಾಶವಿದೆ. ನಿಮ್ಮ ಪತಿಯ ಸೇವಾ ದಾಖಲೆಯಲ್ಲಿ ಯಾವ ಊರು ನಮೂದಾಗಿದೆ ಎಂಬುದನ್ನು ಹೊರಡುವ ಮುನ್ನ ನೋಡಿಕೊಳ್ಳಿ.