ಪದಚರ್ಚೆ: ಬೆಟ್ಟದ ಕಾಡಿನ ‘ಕ್ಯಾಂಪಿಂಗ್’ ಶಿಬಿರವೋ, ಬಿಡಾರವೋ?

ಪ್ರಶ್ನೆ

ಬಳಗಕ್ಕೆ ನಮಸ್ಕಾರ. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಬಹುಪಾಲು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯದಲ್ಲಿ ರಾತ್ರಿ ಉಳಿಯುವ ಬಗೆಗಳನ್ನು ವಿವರಿಸುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಬಾಸ್ಟನ್ ಸುತ್ತಲಿನ ಕನ್ನಡಿಗ ಕುಟುಂಬಗಳು, ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರುವ ಹಿರಿಯರು ಇದರ ಓದುಗರು. ಮೂಲದಲ್ಲಿ ಕ್ಯಾಂಪ್‌ಗ್ರೌಂಡ್, ಟೆಂಟ್‌ಸೈಟ್, ಶೆಲ್ಟರ್, ಹಟ್, ಡಿಸ್ಪರ್ಸ್ಡ್ ಕ್ಯಾಂಪಿಂಗ್, ವೈಲ್ಡರ್‌ನೆಸ್ ಎಂಬ ಪದಗಳು ಬೇರೆ ಬೇರೆ ಅರ್ಥದಲ್ಲಿ ಬರುತ್ತವೆ. ಕರಡಿನಲ್ಲಿ ಹೆಚ್ಚಿನವು ‘ಶಿಬಿರ’, ‘ಶಿಬಿರ ತಾಣ’, ‘ಆಶ್ರಯ ಶಿಬಿರ’ ಆಗಿವೆ, ಹಟ್ ‘ಗುಡಿಸಲು’ ಆಗಿದೆ. ‘ಪ್ರಿಮಿಟಿವ್’ ಅನ್ನುವುದು ‘ಪ್ರಾಚೀನ ಶಿಬಿರ’ ಎಂದು ಕೂತಿದೆ. ಯಾವುದಕ್ಕೆ ಡೇರೆ ಒಯ್ಯಬೇಕು, ಯಾವುದಕ್ಕೆ ಬೇಡ ಎಂಬುದೇ ಓದಿದವರಿಗೆ ತಿಳಿಯದು. ಬಳಕೆಯಲ್ಲಿರುವ ಕನ್ನಡ ಪದಗಳಿದ್ದರೆ ತಿಳಿಸಿ. ಇಲ್ಲದ ಕಡೆ ಇಂಗ್ಲಿಷನ್ನೇ ಉಳಿಸಬಹುದೇ?

ಉತ್ತರ

‘ಶಿಬಿರ’ ಬೇಡ. ರಕ್ತದಾನ ಶಿಬಿರ, ಕಣ್ಣಿನ ತಪಾಸಣಾ ಶಿಬಿರ, ಎನ್‌ಎಸ್‌ಎಸ್ ಶಿಬಿರ ಎಂದೆಲ್ಲ ಬಳಸಿ ಬಳಸಿ, ಆ ಪದದೊಳಗೆ ‘ಯಾರೋ ಏರ್ಪಡಿಸಿದ್ದಾರೆ, ಊಟ ತಿಂಡಿ ಅವರದೇ’ ಎಂಬ ಅರ್ಥ ಸೇರಿಕೊಂಡಿದೆ. ‘ಪಾಳೆಯ’, ‘ಬೀಡು’ ಸೈನ್ಯದವು. ‘ಬಿಡಾರ’ ಸರಿಹೊಂದುತ್ತದೆ. ಬಿಡಾರ ಹೂಡುವುದು, ಬಿಡಾರ ಕೀಳುವುದು ಎಂದು ಕ್ರಿಯಾಪದವೂ ಸಿದ್ಧವಾಗಿದೆ. ಸಕ್ರೆಬೈಲಿನ ಆನೆ ಬಿಡಾರದಿಂದಾಗಿ ಕಾಡಿನ ನಂಟೂ ಇದೆ. ‘ಪ್ರಾಚೀನ ಶಿಬಿರ’ ಅಂದರೆ ಪುರಾತತ್ವ ಇಲಾಖೆ ಅಗೆದ ಜಾಗ ಅನ್ನಿಸುತ್ತದೆ, ಇವತ್ತೇ ತೆಗೆದುಹಾಕಿ.

ಇನ್ನು ಪದಗಳನ್ನು ಬೇರ್ಪಡಿಸುವ ಬಗೆ. ಆ ಜಾಗದಲ್ಲಿ ಏನು ಸಿಗುತ್ತದೆ, ಬೆನ್ನ ಮೇಲೆ ಏನು ಹೊತ್ತು ಹೋಗಬೇಕು ಎನ್ನುವುದನ್ನು ಪದವೇ ಹೇಳುವಂತಿರಬೇಕು. ಕೈಪಿಡಿಗೆ ಇದೊಂದೇ ಅಳತೆಗೋಲು ಸಾಕು.

ಕ್ಯಾಂಪ್‌ಗ್ರೌಂಡ್ ಅನ್ನು ಹಾಗೇ ಇಡಿ. ಹೆದ್ದಾರಿಯ ಫಲಕದಲ್ಲೂ ಮುಂಗಡ ಕಾಯ್ದಿರಿಸುವ ಜಾಲತಾಣದಲ್ಲೂ ಅದೇ ಇರುತ್ತದೆ, ಓದುಗರು ಹುಡುಕುವುದೂ ಅದನ್ನೇ. ಕಾರು ಒಳಗೇ ಹೋಗುತ್ತದೆ. ಒಬ್ಬೊಬ್ಬರಿಗೆ ಸಂಖ್ಯೆ ಹಾಕಿದ ಒಂದೊಂದು ಜಾಗ, ಅದರಲ್ಲಿ ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಕಾರು ನಿಲ್ಲಿಸಲು ಸ್ಥಳ. ಲಿಂಕನ್‌ನಿಂದ ಕಾನ್‌ವೇಗೆ ಹೋಗುವ ಕ್ಯಾಂಕಮಾಗಸ್ ಹೆದ್ದಾರಿಯ ಉದ್ದಕ್ಕೂ ಹ್ಯಾನ್‌ಕಾಕ್, ಬಿಗ್ ರಾಕ್, ಪಸಾಕೊನವೆ, ಜಿಗರ್ ಜಾನ್ಸನ್, ಕವರ್ಡ್ ಬ್ರಿಜ್, ಬ್ಲ್ಯಾಕ್‌ಬೆರಿ ಕ್ರಾಸಿಂಗ್ ಇವೆ. ಗೋರಮ್ ಕಡೆಯ ಡಾಲಿ ಕಾಪ್ ತುಂಬ ದೊಡ್ಡದು. ‘ಸೌಕರ್ಯವಿರುವ’ ಎಂದು ಬರೆದರೆ ಊರಿನಿಂದ ಬಂದವರು ಬಿಸಿನೀರು ಕೇಳುತ್ತಾರೆ. ಇವುಗಳಲ್ಲಿ ಹೆಚ್ಚಿನವಲ್ಲಿ ಇರುವುದು ಕೈಪಂಪು, ನೀರು ಹಾಕದ ಗುಂಡಿ ಕಕ್ಕಸು, ಅಷ್ಟೇ. ಕರೆಂಟೂ ಇಲ್ಲ, ಸ್ನಾನಕ್ಕೆ ಷವರೂ ಇಲ್ಲ. ಹಾಗೆಂದು ಒಂದು ಸಾಲು ಬಿಡಿಸಿ ಬರೆಯಿರಿ, ಮತ್ತು ‘ನೀರು ಹಿಡಿಯಲು ಕ್ಯಾನ್, ಕಕ್ಕಸಿಗೆ ಚೊಂಬು ಜತೆಗಿರಲಿ’ ಎಂದೂ ಸೇರಿಸಿ. ಇದು ತಮಾಷೆಯಲ್ಲ, ಹಿರಿಯರು ಮೊದಲು ಕೇಳುವುದು ಅದನ್ನೇ.

ಒಳಗಿನ ಒಂದೊಂದು ಜಾಗಕ್ಕೆ ‘ಸೈಟು’ ಎನ್ನಬಹುದು. ಕನ್ನಡದಲ್ಲಿ ಸೈಟು ಅಂದರೆ ಮೂವತ್ತು-ನಲವತ್ತರ ನೆನಪಾಗುತ್ತದೆ, ಆದರೆ ಸಂಖ್ಯೆ, ಗಡಿ, ಪಕ್ಕದವರ ಜಾಗಕ್ಕೆ ಕಾಲಿಡಬಾರದು ಎಂಬ ಮೂರೂ ಅರ್ಥ ಅದರಲ್ಲೇ ಬರುವುದರಿಂದ ಲಾಭವೇ.

ಟೆಂಟ್‌ಸೈಟ್ ಬೇರೆ. ಅದು ಕಾಲುದಾರಿಯಲ್ಲಿ ನಡೆದೇ ಮುಟ್ಟಬೇಕಾದ ಗೊತ್ತುಪಡಿಸಿದ ಜಾಗ. ಲಿಬರ್ಟಿ ಸ್ಪ್ರಿಂಗ್, ಗಯೊ, ಗಾರ್‌ಫೀಲ್ಡ್ ರಿಡ್ಜ್, ಈಥನ್ ಪಾಂಡ್ ಇಂಥವು. ಮೆತ್ತಗಿನ ಮಣ್ಣು ತುಳಿತದಿಂದ ಕೊಚ್ಚಿಹೋಗದಿರಲೆಂದು ಮರದ ಹಲಗೆ ಹೊಡೆದ ಚಪ್ಪಟೆ ವೇದಿಕೆ ಕಟ್ಟಿರುತ್ತಾರೆ. ‘ಅಟ್ಟಣೆ’ ಎಂದರೆ ಎತ್ತರದ ಮಂಚಿಕೆ ಅನ್ನಿಸುತ್ತದೆ. ‘ಹಲಗೆ ಜಗಲಿ’ ಸರಿ. ಇಲ್ಲಿ ಪದಕ್ಕಿಂತ ಮುಖ್ಯವಾದ ಮಾತೊಂದಿದೆ: ಹಲಗೆಗೆ ಗೂಟ ಹೊಡೆಯಲಾಗದು. ಕಂಬಿ ಬಾಗಿಸಿ ತಾನೇ ನಿಲ್ಲುವ ಡೇರೆಯಾದರೆ ಚಿಂತೆಯಿಲ್ಲ. ಗೂಟದ ಬಲದಿಂದಲೇ ನಿಲ್ಲುವ ಹಗುರ ಡೇರೆಯಾದರೆ ಮೂಲೆಮೂಲೆಗೆ ಹತ್ತು ಹನ್ನೆರಡು ಅಡಿ ಹೆಚ್ಚುವರಿ ಹಗ್ಗ ಬೇಕು, ಅದನ್ನು ಹಲಗೆಯ ಸಂದಿಗೋ ಅಂಚಿನ ಕೊಂಡಿಗೋ ಕಟ್ಟಬೇಕು. ಮಳೆಯ ಮೇಲ್ಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟದಿದ್ದರೆ ಅದು ಒಳಬಟ್ಟೆಗೆ ಅಂಟಿಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಒಳಗೆ ಹೊದ್ದು ಮಲಗಿದ್ದೂ ಒದ್ದೆ.

ಶೆಲ್ಟರ್‌ಗೆ ‘ತಂಗುದಾಣ’ ಬೇಡ, ಅದನ್ನು ಬಸ್ಸಿನವರು ತೆಗೆದುಕೊಂಡಿದ್ದಾರೆ. ವಸ್ತು ಏನೆಂದರೆ ಮೂರು ಕಡೆ ಮರದ ಗೋಡೆ, ಒಂದು ಕಡೆ ಪೂರ್ತಿ ತೆರೆದದ್ದು, ಮೇಲೆ ಇಳಿಜಾರಿನ ಮಾಡು. ಕನ್ನಡದಲ್ಲಿ ಒಂದೇ ಕಡೆಗೆ ಇಳಿಯುವ ಮಾಡಿಗೆ ‘ಒಪ್ಪಾರ’ ಎನ್ನುತ್ತಾರೆ. ‘ಒಪ್ಪಾರದ ತಂಗುಮನೆ’ ಎಂದು ಒಮ್ಮೆ ವಿವರಿಸಿ, ಮುಂದೆ ‘ಶೆಲ್ಟರ್’ ಎಂದೇ ಬರೆಯಬಹುದು. ಬಾಗಿಲಿಲ್ಲ, ಸೊಳ್ಳೆ ಪರದೆಯಿಲ್ಲ, ಮೊದಲು ಬಂದವರು ಮಲಗುತ್ತಾರೆ. ಹಾಗಾಗಿ ಶೆಲ್ಟರ್ ನಂಬಿಕೊಂಡು ಡೇರೆಯನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ತುಂಬಿದ್ದರೆ ಮುಂದಿನ ಜಾಗ ಗಂಟೆಗಟ್ಟಲೆ ದೂರ.

ಜನ ಹೆಚ್ಚು ಬರುವ ಇಂಥ ಕಡೆಗಳಲ್ಲಿ ಬೇಸಿಗೆಯಲ್ಲಿ ಒಬ್ಬ ಕೇರ್‌ಟೇಕರ್ ಇರುತ್ತಾರೆ. ಜಾಗ ತೋರಿಸುವುದು, ಶುಲ್ಕ ಪಡೆಯುವುದು, ಗೊಬ್ಬರದ ಕಕ್ಕಸು ನೋಡಿಕೊಳ್ಳುವುದು ಅವರ ಕೆಲಸ. ಕರಡಿನ ‘ಪಾಲಕ’ ಎನ್ನುವುದಕ್ಕಿಂತ, ನಮ್ಮ ಪ್ರವಾಸಿ ಮಂದಿರಗಳ ‘ಮೇಟಿ’ ಹತ್ತಿರ.

ಮರುಉತ್ತರ

ಮೇಲಿನವರ ಮಾತು ಬಹುಪಾಲು ಒಪ್ಪಿಗೆ. ‘ಮೇಟಿ’ ಬಗ್ಗೆ ಮಾತ್ರ ತಕರಾರು. ಮೇಟಿ ಅಂದರೆ ಕೋಣೆಯ ಬೀಗ ತೆಗೆದು ಕೋಳಿ ಸಾರು ಮಾಡಿಕೊಡುವವನು ಎಂಬ ನಿರೀಕ್ಷೆ ಬರುತ್ತದೆ. ಇಲ್ಲಿನವರು ಅಡುಗೆ ಮಾಡುವುದಿಲ್ಲ. ‘ಉಸ್ತುವಾರಿಯವರು’ ಸಾಕು.

ಹಟ್ ಅನ್ನು ‘ಗುಡಿಸಲು’ ಮಾಡಿದ್ದೀರಿ. ಅದು ಪೂರ್ತಿ ದಾರಿತಪ್ಪಿಸುವ ಪದ. 1876ರಲ್ಲಿ ಹುಟ್ಟಿದ ಅಪಲಾಚಿಯನ್ ಮೌಂಟನ್ ಕ್ಲಬ್ ಈ ಬೆಟ್ಟಸಾಲಿನಲ್ಲಿ ಎಂಟು ಹಟ್ ನಡೆಸುತ್ತದೆ. ಒಂದೊಂದರಲ್ಲಿ ಸುಮಾರು 36ರಿಂದ 90 ಜನ ಮಲಗಬಹುದು. ಒಂದರ ಮೇಲೊಂದು ಮಂಚ, ಹಾಸಿಗೆ, ದಿಂಬು, ಉಣ್ಣೆ ಕಂಬಳಿ ಅಲ್ಲೇ ಇರುತ್ತವೆ. ಬೇಸಿಗೆಯ ಪೂರ್ಣ ಸೇವೆಯ ದಿನಗಳಲ್ಲಿ ಸಂಜೆ 6ಕ್ಕೆ ಊಟ, ಬೆಳಿಗ್ಗೆ 7ಕ್ಕೆ ತಿಂಡಿ, ಎಲ್ಲರಿಗೂ ಒಂದೇ ಪಂಕ್ತಿ. ಹೀಗಾಗಿ ಡೇರೆ ಬೇಡ, ಒಲೆ ಬೇಡ. ಮೈಗೆ ಸುತ್ತಿಕೊಳ್ಳುವ ಬಟ್ಟೆಯ ಚೀಲ ಅಥವಾ ತೆಳು ಸ್ಲೀಪಿಂಗ್ ಬ್ಯಾಗ್, ತಲೆದೀಪ, ಬೆಚ್ಚನೆ ಉಡುಪು, ಮಧ್ಯಾಹ್ನದ ಬುತ್ತಿ ಸಾಕು. ಸಸ್ಯಾಹಾರ ಬೇಕೆನ್ನುವುದನ್ನು ಕಾಯ್ದಿರಿಸುವಾಗಲೇ ತಿಳಿಸಬೇಕು, ಮೇಲೆ ಹೋಗಿ ಹೇಳಿದರೆ ಆಗದು. ಸಾಮಾನು ಬೆನ್ನ ಮೇಲೆ ಹತ್ತಿ ಬರುವ ಅಡುಗೆಮನೆ ಅದು. ಸ್ನಾನವಿಲ್ಲ, ತಣ್ಣೀರು ಮಾತ್ರ, ನಿಮ್ಮ ಕಸ ನಿಮ್ಮ ಚೀಲದಲ್ಲೇ ಕೆಳಕ್ಕೆ. ‘ಬೆಟ್ಟದ ತಂಗುಮನೆ’ ಎಂದರೆ ಅರ್ಥ ಕೂಡುತ್ತದೆ. ಆಗ ಶೆಲ್ಟರ್‌ಗೆ ‘ತಂಗುಮನೆ’ ಕೊಡಬಾರದು, ‘ಒಪ್ಪಾರ’ವಷ್ಟೇ ಇರಲಿ.

ಹಟ್ ಬಳಿ ಡೇರೆ ಹೂಡಬಹುದು ಎಂದು ತಿಳಿಯುವವರು ಬಹಳ. ವಾಷಿಂಗ್ಟನ್ ಶಿಖರದ ಹೆಗಲ ಮೇಲಿರುವ ಲೇಕ್ಸ್ ಆಫ್ ದ ಕ್ಲೌಡ್ಸ್ ಹಟ್ ಇರುವುದು 5,000 ಅಡಿಯ ಆಸುಪಾಸು, ಅಂದರೆ ಮರಗಳ ಗಡಿಗಿಂತ ಮೇಲೆ. ‘ಟ್ರೀಲೈನ್’ ಎಂಬುದಕ್ಕೆ ‘ಮರಗಡಿ’ ಎಂದು ಹೊಸೆಯಬಹುದು, ಆದರೆ ಅದನ್ನು ನಿಯಮದ ಭಾಷೆಯಲ್ಲಿ ಬಿಡಿಸಲೇಬೇಕು: ಮರಗಳು 8 ಅಡಿಗಿಂತ ಗಿಡ್ಡವಾಗಿರುವ ಕಡೆ ಬಿಡಾರ ಹೂಡುವಂತಿಲ್ಲ. ಚಳಿಗಾಲದಲ್ಲಿ ಎರಡಡಿಯಾದರೂ ಹಿಮ ಬಿದ್ದು ನೆಲ ಮುಚ್ಚಿದ್ದರೆ ಮಾತ್ರ ವಿನಾಯಿತಿ, ಆಗಲೂ ಹೆಪ್ಪುಗಟ್ಟಿದ ಕೆರೆಯ ಮೇಲಲ್ಲ. ಕಾರಣ, ಅಲ್ಲಿನ ಬೆರಳುದ್ದದ ಗಿಡಗಳು ಒಮ್ಮೆ ತುಳಿತಕ್ಕೆ ಸತ್ತರೆ ಮತ್ತೆ ಚಿಗುರಲು ದಶಕಗಳು ಬೇಕು. ಗಾಳಿಯದು ಇನ್ನೊಂದು ಕಾರಣ. ವಾಷಿಂಗ್ಟನ್ ಶಿಖರದಲ್ಲಿ 1934ರ ಏಪ್ರಿಲ್ 12ರಂದು ಗಂಟೆಗೆ 231 ಮೈಲಿ ವೇಗದ ಗಾಳಿ ಅಳೆದಿದ್ದಾರೆ.

ಡಿಸ್ಪರ್ಸ್ಡ್ ಕ್ಯಾಂಪಿಂಗ್‌ಗೆ ‘ಚದುರಿದ ಶಿಬಿರ’ ಎಂದರೆ ಯಾರೋ ಲಾಠಿ ಬೀಸಿದಂತಿದೆ. ‘ಬರಿನೆಲದ ಬಿಡಾರ’ ಎನ್ನಿ. ಪ್ರಿಮಿಟಿವ್‌ಗೂ ಇದೇ ಸಾಕು. ಅಲ್ಲಿ ಮೇಜಿಲ್ಲ, ಕಕ್ಕಸಿಲ್ಲ, ಶುಲ್ಕವಿಲ್ಲ, ಜಾಗವನ್ನು ನೀವೇ ಆರಿಸಬೇಕು. ‘ಎಲ್ಲಿ ಬೇಕಾದರೂ’ ಎಂದು ಮಾತ್ರ ಬರೆಯಬೇಡಿ. ‘ಫಾರೆಸ್ಟ್ ಪ್ರೊಟೆಕ್ಷನ್ ಏರಿಯಾ’ ಎಂಬ ಫಲಕ ಕಂಡ ಕಡೆ ಹಟ್, ಶೆಲ್ಟರ್, ಟೆಂಟ್‌ಸೈಟುಗಳ ಸುತ್ತ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್, ನಿಷೇಧ. ಇದನ್ನು ಕರಡಿನಂತೆ ‘ಸಂರಕ್ಷಿತ ಅರಣ್ಯ’ ಎಂದರೆ ಇಡೀ ಕಾಡಿಗೇ ಪ್ರವೇಶವಿಲ್ಲ ಅನ್ನಿಸುತ್ತದೆ. ‘ಬಿಡಾರ ನಿಷೇಧದ ವಲಯ’ ಎಂದರೆ ನೇರ. ಬೇರೆಡೆಯೂ ಕಾಲುದಾರಿ, ತೊರೆಗಳಿಂದ 200 ಅಡಿ ದೂರ ಸರಿಯುವುದು ವಾಡಿಕೆ. ದೊಡ್ಡವರ ಹೆಜ್ಜೆಯಲ್ಲಿ ಎಂಬತ್ತು ಎಣಿಸಿದರೆ ಅಷ್ಟಾಗುತ್ತದೆ. ಬಹಿರ್ದೆಸೆಗೂ ಅದೇ ದೂರ, 6ರಿಂದ 8 ಇಂಚು ಆಳದ ಗುಂಡಿ ತೋಡಿ ಮುಚ್ಚಬೇಕು.

ಕುಡಿಯುವ ನೀರು ಎಷ್ಟೇ ತಿಳಿಯಾಗಿ ಕಂಡರೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಇರಬಹುದು. ತೀರಾ ಎತ್ತರದಲ್ಲಿ ಹೆಚ್ಚು ಹೊತ್ತು ಕುದಿಸಬೇಕಾಗುತ್ತದೆ, ಆದರೆ ಈ ಬೆಟ್ಟಗಳಲ್ಲಿ ಅತಿ ಎತ್ತರದ ವಾಷಿಂಗ್ಟನ್ ಶಿಖರವೇ 6,288 ಅಡಿ, ಹಾಗಾಗಿ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು.

ಮೂಲ ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ‘ವೈಲ್ಡರ್‌ನೆಸ್’ ಉಳಿಯಿತು. ಕರಡಿನಲ್ಲಿ ‘ವನ್ಯಧಾಮ’ ಇದೆ, ‘ಯಾರೂ ಮುಟ್ಟದ ಕಾಡು’ ಎಂದು ಮತ್ತೊಬ್ಬರು ತಿದ್ದಿದ್ದಾರೆ. ಜತೆಗೆ ಕರಡಿಗೆ ಸಿಗದಂತೆ ಊಟ ಇಡುವ ಡಬ್ಬಿಗೂ ‘20 ಡಿಗ್ರಿ’ ಎಂದು ಬರೆದ ಮಲಗುವ ಚೀಲಕ್ಕೂ (ಸ್ಲೀಪಿಂಗ್ ಬ್ಯಾಗ್) ಏನೆನ್ನೋಣ?

ಉತ್ತರ

ವನ್ಯಧಾಮ ಅಂದರೆ ನಮ್ಮಲ್ಲಿ ವನ್ಯಜೀವಿಧಾಮ, ಅನುಮತಿಯಿಲ್ಲದೆ ರಾತ್ರಿ ಒಳಗಿರುವಂತಿಲ್ಲ. ಇಲ್ಲಿ ಉಳಿಯಬಹುದು. ‘ಯಾರೂ ಮುಟ್ಟದ ಕಾಡು’ ಇತಿಹಾಸಕ್ಕೇ ವಿರುದ್ಧ. ಈ ಅರಣ್ಯದೊಳಗಿನ ಪೆಮಿಗವಾಸೆಟ್ ವೈಲ್ಡರ್‌ನೆಸ್‌ನ ಮರಗಳನ್ನು ರೈಲು ಹಳಿ ಹಾಕಿ ಕಡಿದು ಸಾಗಿಸಿದ್ದರು. ಇಂದಿನ ಕಾಲುದಾರಿಗಳಲ್ಲಿ ಕೆಲವು ಆ ಹಳಿಯ ಏರಿಯ ಮೇಲೇ ಹೋಗುತ್ತವೆ. ಇಂಥ ಕಡಿತ ಕಂಡೇ 1911ರ ವೀಕ್ಸ್ ಕಾಯ್ದೆಯಡಿ ಖಾಸಗಿಯವರಿಂದ ನೆಲ ಕೊಂಡು 1918ರಲ್ಲಿ ಈ ರಾಷ್ಟ್ರೀಯ ಅರಣ್ಯ ಆಯಿತು, ಪೆಮಿಗವಾಸೆಟ್ 1984ರಲ್ಲಿ ವೈಲ್ಡರ್‌ನೆಸ್ ಆಯಿತು. ಕಾಯ್ದೆಯೇ ಅದನ್ನು ಅದರ ಪಾಡಿಗೆ ಬಿಟ್ಟಿರುವುದರಿಂದ ‘ಬಿಟ್ಟ ಕಾಡು’ ಎಂದು ಆವರಣದಲ್ಲಿ ಕೊಟ್ಟು ಹೆಸರನ್ನು ಹಾಗೇ ಉಳಿಸಿ. ತಿಳಿಸಬೇಕಾದದ್ದು ಇಷ್ಟು: ವಾಹನವಿಲ್ಲ, ಸೈಕಲ್ಲೂ ಇಲ್ಲ, ಒಂದು ಗುಂಪಿನಲ್ಲಿ ಹತ್ತಕ್ಕಿಂತ ಹೆಚ್ಚು ಜನ ಕೂಡದು, ದಾರಿಗುರುತು ಕಡಿಮೆ, ಹೊಳೆಗೆ ಸೇತುವೆ ಇರುತ್ತದೆ ಎಂದು ನಂಬಬಾರದು. ಕನ್ನಡ ಬಳಗಗಳು ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಹೊರಡುತ್ತವಾದ್ದರಿಂದ ಹತ್ತರ ಮಿತಿ ದಪ್ಪಕ್ಷರದಲ್ಲಿರಲಿ.

ಇದರ ಜತೆ ‘ರಾಷ್ಟ್ರೀಯ ಉದ್ಯಾನ’ ಎಂದು ಎರಡು ಕಡೆ ಬಂದಿದೆ, ತಿದ್ದಿ. ಇದು ಕೃಷಿ ಇಲಾಖೆಯ ಅರಣ್ಯ ಸೇವೆಯ ಕೈಯಲ್ಲಿರುವ ಕಾಡು, ಪಾರ್ಕ್ ಅಲ್ಲ. ಒಳಗೇ ಇರುವಂತೆ ಕಾಣುವ ಫ್ರಾಂಕೋನಿಯಾ ನಾಚ್‌ನ ಲಫಯೆಟ್ ಪ್ಲೇಸ್, ಕ್ರಾಫರ್ಡ್ ನಾಚ್‌ನ ಡ್ರೈ ರಿವರ್ ಕ್ಯಾಂಪ್‌ಗ್ರೌಂಡುಗಳು ರಾಜ್ಯದ ಉದ್ಯಾನಗಳವು. ಕಾಯ್ದಿರಿಸುವ ಜಾಲತಾಣವೂ ಬೇರೆ, ನಿಯಮವೂ ಬೇರೆ. ಅಂದಹಾಗೆ ‘ನಾಚ್’ಗೆ ‘ಕಂಡಿ’ ಒಳ್ಳೆಯ ಪದ, ಆದರೆ ಸ್ಥಳನಾಮವನ್ನು ಅನುವಾದಿಸಬೇಡಿ.

ಬೇರ್ ಕ್ಯಾನಿಸ್ಟರ್ ‘ಕರಡಿ ಡಬ್ಬಿ’ಯಾಗಲಿ. ಗಟ್ಟಿ ಪ್ಲಾಸ್ಟಿಕ್, ಮುಚ್ಚಳವನ್ನು ಒತ್ತಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ. ಊಟದ ಚೀಲವನ್ನು ಕೊಂಬೆಗೆ ನೇತುಹಾಕುವ ಹಳೆಯ ಕ್ರಮಕ್ಕೆ ನೆಲದಿಂದ ಹತ್ತು ಹನ್ನೆರಡು ಅಡಿ ಎತ್ತರ, ಬೊಡ್ಡೆಯಿಂದ ನಾಲ್ಕಾರು ಅಡಿ ಆಚೆ ಚಾಚಿದ ಕೊಂಬೆ ಬೇಕು. ಮೇಲಿನ ಸ್ಪ್ರೂಸ್, ಫರ್ ಮರಗಳ ಕೊಂಬೆ ಗಿಡ್ಡ, ಬಾಗುವಂಥವು, ಅಂಥದ್ದು ಸಿಗುವುದೇ ಇಲ್ಲ. ಡಬ್ಬಿಯನ್ನು ಡೇರೆಯಿಂದ ನೂರಡಿ ದೂರ, ಸಮತಟ್ಟು ನೆಲದಲ್ಲಿಡಿ. ಇಳಿಜಾರಿನಲ್ಲೋ ಹೊಳೆಯಂಚಿನಲ್ಲೋ ಇಟ್ಟರೆ ಕರಡಿ ಉರುಳಿಸಿಕೊಂಡು ಹೋಗುತ್ತದೆ, ಡಬ್ಬಿ ಒಡೆಯದು, ನಿಮಗೆ ಸಿಗುವುದೂ ಇಲ್ಲ. ಉಪ್ಪಿನಕಾಯಿ, ಇಂಗು ಹಾಕಿದ ಚಟ್ನಿಪುಡಿ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು, ಕಸವೂ ಅದರೊಳಗೇ ಹೋಗಬೇಕು. ಆದ್ದರಿಂದ ಮಂಡಕ್ಕಿ ಬೇಡ, ಅರ್ಧ ಡಬ್ಬಿ ನುಂಗುತ್ತದೆ. ಹುರಿಟ್ಟು, ಒಗ್ಗರಣೆ ಬೆರೆಸಿದ ತೆಳು ಅವಲಕ್ಕಿ, ಚಪಾತಿ ಒಳ್ಳೆಯದು.

20 ಡಿಗ್ರಿ ಚೀಲದ ಬಗ್ಗೆ ಎಚ್ಚರ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 7. ಊರಿನಿಂದ ‘20’ ಎಂದು ಬರೆದ ತೆಳು ಚೀಲ ತಂದವರಿಗೆ ಜುಲೈ ರಾತ್ರಿಯೂ ಮೇಲಿನ ಟೆಂಟ್‌ಸೈಟಿನಲ್ಲಿ ನಿದ್ದೆ ಬರದು. ಒಂದು ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಚೀಲದ ಮೇಲೆ ದೊಡ್ಡದಾಗಿ ಬರೆದ ಅಂಕಿ ಎಷ್ಟೋ ಸಲ ‘ಸಹಿಸಬಹುದಾದ ಮಿತಿ’, ‘ಹಿತವಾದ ಮಟ್ಟ’ ಅಲ್ಲ. ಕೈಪಿಡಿಯಲ್ಲಿ ಎರಡಕ್ಕೂ ಈ ಪದಗಳನ್ನೇ ಬಳಸಿ, ಸೆಲ್ಸಿಯಸ್ ಅಂಕಿಯನ್ನೂ ಕೊಡಿ.

ಸೇರ್ಪಡೆ

ಎರಡು ಸಣ್ಣ ಪದಗಳು. ‘ಶಿಬಿರಾಗ್ನಿ’ ಸ್ಕೌಟಿನ ಕಾರ್ಯಕ್ರಮದ ಹೆಸರು, ಇಲ್ಲಿ ಬರೀ ‘ಬೆಂಕಿ’ ಸಾಕು. ಸೌದೆಯನ್ನು ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಿಂದ ಕಾರಿನಲ್ಲಿ ತುಂಬಿಕೊಂಡು ಹೋಗುವಂತಿಲ್ಲ. ಆಶ್ ಮರಗಳನ್ನು ಕೊಲ್ಲುವ ಕೊರಕ ಹುಳು ಅದರೊಡನೆ ಬರುತ್ತದೆ ಎಂದು ಶಾಖದಲ್ಲಿ ಸಂಸ್ಕರಿಸದ ಹೊರರಾಜ್ಯದ ಸೌದೆಗೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಿಷೇಧವಿದೆ. ಅಲ್ಲೇ ಕೊಳ್ಳಿ.

‘ಫಸ್ಟ್ ಕಮ್, ಫಸ್ಟ್ ಸರ್ವ್ಡ್’ ಅನ್ನು ‘ಮೊದಲು ಬಂದವರಿಗೆ ಆದ್ಯತೆ’ ಎಂದರೆ ಕಾಯ್ದಿರಿಸಿದವರಿಗೂ ಅನ್ವಯಿಸುತ್ತದೆಯೇನೋ ಎಂಬ ಗೊಂದಲ. ‘ಕಾಯ್ದಿರಿಸಲಾಗದ ಸೈಟು’ ಎನ್ನಿ. ಕ್ರಮ ಹೀಗೆ: ಒಂದು ಸುತ್ತು ಹೋಗಿ ಕಂಬದಲ್ಲಿ ಚೀಟಿ ಸಿಕ್ಕಿಸಿರದ ಸೈಟು ನೋಡಿ, ಸಂಖ್ಯೆ ಬರೆದುಕೊಂಡು ಬಾಗಿಲ ಬಳಿಯ ಲಕೋಟೆ ತುಂಬಿ, ಹಣವಿಟ್ಟು ಕಬ್ಬಿಣದ ಕೊಳವೆಗೆ ಹಾಕಿ, ಹರಿದ ತುಂಡನ್ನು ಸೈಟಿನ ಕಂಬಕ್ಕೆ ಸಿಕ್ಕಿಸುವುದು. ಆ ಕೊಳವೆಗೆ ‘ಹುಂಡಿ’ ಎಂದರೆ ಯಾರಿಗೂ ವಿವರಣೆ ಬೇಕಿಲ್ಲ, ಅದರಿಂದ ಚಿಲ್ಲರೆ ವಾಪಸು ಬರುವುದಿಲ್ಲ ಎಂಬುದೂ ಸೇರಿ. ಸರಿಯಾದ ನೋಟು ಇಟ್ಟುಕೊಂಡು ಶುಕ್ರವಾರವಾದರೆ ಮಧ್ಯಾಹ್ನಕ್ಕೆ ಮೊದಲೇ ತಲುಪಬೇಕು ಎಂದು ಕೈಪಿಡಿಯಲ್ಲಿ ಸೇರಿಸಿ.