ಕಲಂಕಾರಿಯಲ್ಲಿ ಬಟ್ಟೆ ಕಪ್ಪು ಗೆರೆಗುಂಟ ಮಾತ್ರ ಸೀಳೋದು ಯಾಕೆ?

ಪ್ರಶ್ನೆ: ಮ್ಯೂಸಿಯಂಗಳಲ್ಲಿರುವ ಹಳೇ ಕಲಂಕಾರಿ (ಕಲಮಿನಿಂದ ಬರೆದ ಅಥವಾ ಅಚ್ಚು ಒತ್ತಿದ ಚಿತ್ರದ ಹತ್ತಿ) ಬಟ್ಟೆಗಳಲ್ಲಿ ಕೆಂಪು ಭಾಗ ಗಟ್ಟಿಯಾಗೇ ಇರುತ್ತೆ, ಕಪ್ಪು ಗೆರೆಗುಂಟ ಮಾತ್ರ ಬಟ್ಟೆ ಸೀಳಿರುತ್ತೆ. ಹುಳ ತಿಂದ ಹಾಗಿಲ್ಲ, ಗೆರೆ ಹಿಡಿದು ಕತ್ತರಿಸಿದ ಹಾಗಿರುತ್ತೆ. ಕಾರಣ ಏನು? ಮನೆಯಲ್ಲಿರುವ ಒಂದೂವರೆ ಮೀಟರಿನ ಶ್ರೀಕಾಳಹಸ್ತಿ ಬಟ್ಟೆಗೆ ಫ್ರೇಮ್ ಹಾಕಿಸಬಹುದಾ?

ಉತ್ತರ 1: ಅದು ಕಪ್ಪು ಬಣ್ಣದ್ದೇ ಕೆಲಸ. ತುಕ್ಕು ಕಬ್ಬಿಣದ ಚೂರು, ಬೆಲ್ಲ, ನೀರು ಮಡಕೆಗೆ ಹಾಕಿ ಎರಡು-ಮೂರು ವಾರ ಹುಳಿಯೋಕೆ ಬಿಟ್ಟು ಸೋಸಿದರೆ ‘ಕಸಿಮಿ’, ಅಂದರೆ ಕಪ್ಪು ಗೆರೆ ಬರೆಯೋ ದ್ರವ, ಸಿಗುತ್ತೆ. ಬಟ್ಟೆಯನ್ನು ಅದಕ್ಕೂ ಮೊದಲೇ ಅಳಲೆಕಾಯಿ ಪುಡಿ ಬೆರೆಸಿದ ಎಮ್ಮೆ ಹಾಲಿನಲ್ಲಿ ಅದ್ದಿ, ಹಿಂಡಿ, ಬಿಸಿಲಲ್ಲಿ ಒಣಗಿಸಿರುತ್ತಾರೆ. ಕಸಿಮಿಯ ಕಬ್ಬಿಣ ಅಳಲೆಯ ಒಗರಿಗೆ ತಗುಲಿದ ಕೂಡಲೇ ಗೆರೆ ಕಪ್ಪಾಗುತ್ತೆ. ಗೆರೆ ಹರಡದಂತೆ ಹಿಡಿಯೋದು ಹಾಲಿನ ಜಿಡ್ಡು. ಹಾಲು ಕಮ್ಮಿಯಾದರೆ ಕಣ್ಣು, ಬೆರಳಿನಂಥ ಸಣ್ಣ ಗೆರೆಗಳು ಕದಡಿಬಿಡುತ್ತವೆ.

ಬಣ್ಣ ಕೊಟ್ಟ ಅದೇ ಕಬ್ಬಿಣ ವರ್ಷಗಳು ಕಳೆದಂತೆ ಹತ್ತಿಯ ನಾರನ್ನು ತಿನ್ನುತ್ತೆ. ಗಾಳಿಯ ಆಮ್ಲಜನಕ ನಾರನ್ನು ಮುರಿಯೋ ಕೆಲಸಕ್ಕೆ ಅದು ವೇಗ ಕೊಡುತ್ತೆ, ತೇವ ಸೇರಿದರೆ ಇನ್ನೂ ಜೋರು. ಕೆಂಪು ಬರೋದು ಪಟಿಕ ಮತ್ತು ಮಂಜಿಷ್ಠದಂಥ ಬೇರಿನಿಂದ. ಪಟಿಕದ ಅಲ್ಯೂಮಿನಿಯಂಗೆ ಆ ಗುಣ ಇಲ್ಲ, ಅದಕ್ಕೇ ಕೆಂಪು ಉಳಿದಿರುತ್ತೆ.

ಉತ್ತರ 2: ಮೇಲಿನದು ಸರಿ. ಫ್ರೇಮ್ ಹಾಕಿಸಬಹುದು, ಆದರೆ ಗಾಜು ಬಟ್ಟೆಗೆ ತಾಗಬಾರದು. ತಾಗಿದರೆ ಮಳೆಗಾಲದಲ್ಲಿ ಒಳಗೆ ತೇವ ನಿಂತು ಬೂಷ್ಟು ಬರುತ್ತೆ. ನಡುವೆ ಅರ್ಧ ಇಂಚು ಜಾಗ ಬಿಡಿಸಿ. ಅಂಟು ದಯವಿಟ್ಟು ಬೇಡ, ಮುಂದೆ ಬಟ್ಟೆ ಹರಿಯದೆ ಅದನ್ನು ಬಿಡಿಸೋಕಾಗಲ್ಲ. ಗಂಜಿ ಹೋಗುವಂತೆ ಒಗೆದ ಕೋರಾ ಬಟ್ಟೆಯನ್ನು ಹಿಂದೆ ಕೊಟ್ಟು ಸಣ್ಣ ಹೊಲಿಗೆ ಹಾಕಿ. ಸೂಜಿ ಕಪ್ಪು ಗೆರೆಯ ಮೇಲೆ ಬೀಳದಿರಲಿ. ಬಿಸಿಲು ಬೀಳುವ ಗೋಡೆ ಬೇಡ. ಮ್ಯೂಸಿಯಂಗಳು ಇಂಥ ಬಟ್ಟೆಗೆ ಬೆಳಕನ್ನು 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿಗೆ ಇಳಿಸೋದು ಸುಮ್ಮನೆ ಅಲ್ಲ, ಬಣ್ಣ ಒಮ್ಮೆ ಮಾಸಿದರೆ ವಾಪಸ್ ಬರಲ್ಲ.

ತೆಗೆದಿಡೋದಾದರೆ ಮಡಚಬೇಡಿ, ಮಡಿಕೆಯಲ್ಲೇ ಮೊದಲು ಸೀಳೋದು. ಮೂರು-ನಾಲ್ಕು ಇಂಚು ದಪ್ಪದ ಕೊಳವೆಗೆ ಆಮ್ಲರಹಿತ ಟಿಶ್ಯೂ ಕಾಗದ ಸುತ್ತಿ, ಚಿತ್ರ ಹೊರಮುಖವಾಗಿ ಸಡಿಲವಾಗಿ ಸುರುಳಿ ಮಾಡಿ. ಹಳೇ ಬಟ್ಟೆಯನ್ನಂತೂ ಒಗೆಯಲೇಬೇಡಿ, ನೀರಿನ ಜೊತೆ ಕಬ್ಬಿಣ ಪಕ್ಕದ ನಾರಿಗೂ ಹರಿಯುತ್ತೆ.

ಪ್ರಶ್ನೆ: ಸರಿ ಸಾರ್. ಇದು ಕೈಯಲ್ಲೇ ಬರೆದಿದ್ದು ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಉತ್ತರ 3: ಒಂದೇ ಹೂವು ಎರಡು ಕಡೆ ಇದ್ದರೆ ಪಕ್ಕಪಕ್ಕ ಹೋಲಿಸಿ. ಕಲಮಿನ (ಬರೆಯೋ ಕಡ್ಡಿಯ) ಗೆರೆ ಅದ್ದಿದ ಹೊಸದರಲ್ಲಿ ದಪ್ಪ, ಬರ್ತಾ ಬರ್ತಾ ತೆಳು, ಆಮೇಲೆ ಮತ್ತೆ ದಪ್ಪ. ಮಚಲಿಪಟ್ಟಣದ ಕಡೆಯ ಮರದ ಅಚ್ಚಿನ ಕೆಲಸದಲ್ಲಿ ಅಚ್ಚು ಸೇರುವ ಕಡೆ ಕೂದಲೆಳೆಯಷ್ಟು ಅಂತರ ಅಥವಾ ಮೇಲ್ಮೇಲೆ ಬಿದ್ದ ಗೆರೆ ಸಿಗುತ್ತೆ. ಸ್ಕ್ರೀನ್ ಪ್ರಿಂಟಾದರೆ ಒಂದು ಹೂವಿನಲ್ಲಿರೋ ದೋಷ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬರುತ್ತೆ. ಅಚ್ಚು ಕೆತ್ತೋದು, ಒತ್ತೋದು ಕಣ್ಣಾರೆ ನೋಡಬೇಕಂದ್ರೆ ಜೈಪುರದ ಹತ್ತಿರ ಅಂಬೇರ್‌ನಲ್ಲಿರುವ ಅನೋಖಿ ಮ್ಯೂಸಿಯಂಗೆ ಹೋಗಿ. ಹಳೇ ಹವೇಲಿಯೊಂದನ್ನು ದುರಸ್ತಿ ಮಾಡಿ 2005ರಲ್ಲಿ ತೆರೆದದ್ದು. ಅಲ್ಲಿ ಒಂದು ಬಣ್ಣಕ್ಕೆ ಒಂದು ಅಚ್ಚು ಹೇಗೆ ಕೂರುತ್ತೆ ಅಂತ ನೋಡಿದರೆ ನಿಮ್ಮ ಬಟ್ಟೆ ಓದೋದು ಸುಲಭ.