ವರ್ಷದ ಚಿತ್ರ ದಿನಚರಿಯಿಂದ ಎ2 ಪೋಸ್ಟರ್: 365 ದಿನ ಒಂದೇ ಹಾಳೆಗೆ ಇಳಿಸುವುದು ಹೇಗೆ?

ಚೌಕಳಿ:

2025ರ ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಚಿತ್ರ ದಿನಚರಿ ಕೈಯಲ್ಲಿದೆ. ಎ5 ಅಳತೆಯ ನಾಲ್ಕು ಸ್ಕೆಚ್‌ಬುಕ್, ದಿನಕ್ಕೊಂದು ಪುಟ. ಪ್ರತಿ ಪುಟದಲ್ಲೂ ಇರುವುದು ಇಷ್ಟು: ಬೆಳಗಿನ ಆಕಾಶದ ಬಣ್ಣ, ಜಲವರ್ಣದಲ್ಲಿ ಒಂದಿಂಚಿನ ಚೌಕವಾಗಿ. ಕುಡಿದ ಕಾಫಿಗೆ ಒಂದೊಂದು ಲೋಟದ ಚಿತ್ರ. ನಿದ್ದೆಯ ಗಂಟೆಗೊಂದು ಗೆರೆ. ಮಳೆ ಬಂದಿದ್ದರೆ ಹನಿ. ಮನಸ್ಸು ಹೇಗಿತ್ತು ಅನ್ನುವುದಕ್ಕೆ ಐದು ಬಗೆಯ ಮುಖಗಳಲ್ಲಿ ಒಂದು. ಜೊತೆಗೆ ಎರಡು ಸಾಲು ಬರಹ. 318 ಪುಟ ತುಂಬಿವೆ, 47 ಖಾಲಿ.

ಇದನ್ನೆಲ್ಲ ಗೋಡೆಗೆ ಹಾಕುವ ಒಂದು ಎ2 ಇನ್ಫೋಗ್ರಾಫಿಕ್ ಪೋಸ್ಟರ್ ಮಾಡಬೇಕು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ತಕ್ಕಮಟ್ಟಿಗೆ ಗೊತ್ತು. ಇಡೀ ವರ್ಷವನ್ನು ಚಕ್ರದ ಹಾಗೆ ಸುತ್ತಿಸಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ? ಖಾಲಿ ದಿನಗಳನ್ನು ಏನು ಮಾಡಲಿ? ಅಚ್ಚಿಗೆ ಹೋದಾಗ ಕನ್ನಡ ಅಕ್ಷರ ಒಡೆಯದಂತೆ ನೋಡಿಕೊಳ್ಳುವುದು ಹೇಗೆ?

ಲೆಕ್ಕದಪುಸ್ತಕ:

ಇಂಕ್‌ಸ್ಕೇಪ್ ಸದ್ಯಕ್ಕೆ ಮುಚ್ಚಿಡಿ. ಮೊದಲ ಕೆಲಸ ಸ್ಪ್ರೆಡ್‌ಶೀಟ್‌ನಲ್ಲಿ. ಒಂದು ದಿನಕ್ಕೆ ಒಂದು ಸಾಲು, 365 ಸಾಲೂ ಮೊದಲೇ ತುಂಬಿರಲಿ. ಪುಟ ಇಲ್ಲದ ದಿನಕ್ಕೂ ಸಾಲು ಬೇಕು. ಕಾಲಂಗಳು: ದಿನಾಂಕ, ವಾರ, ಪುಟ ಇದೆಯೇ (1 ಅಥವಾ 0), ಆಕಾಶದ ಬಣ್ಣದ ಕೋಡ್, ಕಾಫಿ, ನಿದ್ದೆ, ಮಳೆ, ಮುಖ, ಟಿಪ್ಪಣಿ. ಪುಟಕ್ಕೆ ಮೂರು ನಿಮಿಷ ಹಿಡಿದರೂ 318 ಪುಟಕ್ಕೆ ಹದಿನಾರು ಗಂಟೆ. ಒಂದೇ ಸಲ ಕೂತು ಮುಗಿಸುವ ಹಟ ಬೇಡ. ದಣಿದಾಗ ಮುಖಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ.

ಇಲ್ಲಿ ಎಲ್ಲರೂ ಎಡವುವುದು ಸೊನ್ನೆ ಮತ್ತು ಖಾಲಿಯ ನಡುವೆ. ಕಾಫಿ ಕುಡಿಯದ ದಿನಕ್ಕೆ 0. ಬರೆಯದ ದಿನದ ಮನೆ ಖಾಲಿ. ಖಾಲಿ ಮನೆಗೂ 0 ಹಾಕಿದಿರೋ, ಸರಾಸರಿ ಕುಸಿಯುತ್ತದೆ. ಲೆಕ್ಕ ನೋಡಿ: 318 ದಿನಕ್ಕೆ ಒಟ್ಟು 636 ಲೋಟ ಅಂದುಕೊಂಡರೆ ದಿನಕ್ಕೆ ಸರಿಯಾಗಿ 2, ಅದನ್ನೇ 365ರಿಂದ ಭಾಗಿಸಿದರೆ 1.74. ಸರಾಸರಿಯ ಸೂತ್ರ ಖಾಲಿ ಮನೆಗಳನ್ನು ತಾನೇ ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ.

ಮುಖಗಳ ವಿಷಯದಲ್ಲಿ ಒಂದು ಪರೀಕ್ಷೆ. ಎಲ್ಲ ಪುಟ ನಮೂದಿಸಿ ಒಂದು ವಾರ ಬಿಟ್ಟು, ಅಲ್ಲಲ್ಲಿಂದ 30 ಪುಟ ತೆಗೆದು, ಹಳೆಯ ನಮೂದು ನೋಡದೆ ಮುಖಗಳಿಗೆ ಮತ್ತೆ ಅಂಕ ಕೊಡಿ. ಐದಾರಕ್ಕಿಂತ ಹೆಚ್ಚು ಕಡೆ ಬೇರೆ ಅಂಕ ಬಂದರೆ ಐದು ದರ್ಜೆಯನ್ನು ಮೂರಕ್ಕೆ ಇಳಿಸಿ: ಚೆನ್ನಾಗಿತ್ತು, ಪರವಾಗಿಲ್ಲ, ಚೆನ್ನಾಗಿರಲಿಲ್ಲ. ಜನವರಿಯಲ್ಲಿ ಬಿಡಿಸಿದ ನಗುಮುಖಕ್ಕೂ ನವೆಂಬರಿನ ನಗುಮುಖಕ್ಕೂ ಕೈಬರಹ ಬದಲಾದಷ್ಟೇ ವ್ಯತ್ಯಾಸ ಇರುತ್ತದೆ.

ಇನ್ನು ಐದು ವಿಷಯವನ್ನೂ ಒಂದೇ ಪೋಸ್ಟರ್‌ಗೆ ತುಂಬಬೇಡಿ. ಒಂದು ಯಜಮಾನ, ಇಬ್ಬರು ಜೊತೆಗಾರರು ಸಾಕು. ನಿಮ್ಮಲ್ಲಿ ಯಜಮಾನ ಆಗಬೇಕಾದ್ದು ಆಕಾಶ. ಅದೊಂದೇ ನೋಡಿದ ತಕ್ಷಣ ಕಣ್ಣಿಗೆ ಸಿಗುವಂಥದ್ದು, ಬೇರೆಯವರ ಹತ್ತಿರ ಇಲ್ಲದ್ದು. ಜೊತೆಗೆ ಕಾಫಿ, ನಿದ್ದೆ. ಮಳೆ ಒಂದು ಸಣ್ಣ ಪಟ್ಟಿಯಲ್ಲಿ ಮುಗಿಯುತ್ತದೆ. ಮುಖ ಬಿಟ್ಟರೂ ನಷ್ಟವಿಲ್ಲ. ನಡುಮನೆಯ ಗೋಡೆಯ ಮೇಲೆ ನಿಮ್ಮ ಮನಸ್ಸಿನ ವರ್ಷವನ್ನು ನೆಂಟರೆಲ್ಲ ಓದಬೇಕೇ ಎಂಬುದೂ ಯೋಚಿಸಬೇಕಾದ ಮಾತು.

ಗೆರೆಗುಣಿತ:

ವಿನ್ಯಾಸದ ಬಗ್ಗೆ. ಚಕ್ರದ ಆಸೆ ಬಿಡಿ, ಕಾರಣ ಲೆಕ್ಕದಲ್ಲೇ ಇದೆ. ಎ2 ಹಾಳೆ 420 × 594 ಮಿ.ಮೀ. ಸುತ್ತ 30 ಬಿಟ್ಟರೆ ಚಕ್ರದ ಹೊರತ್ರಿಜ್ಯ 180. ಪರಿಧಿ ಸುಮಾರು 1131 ಮಿ.ಮೀ., 365ರಿಂದ ಭಾಗಿಸಿದರೆ ದಿನಕ್ಕೆ 3.1. ಒಳಗಿನ ಬಳೆಯ ತ್ರಿಜ್ಯ 60 ಇಟ್ಟರೆ ಅಲ್ಲಿ ದಿನಕ್ಕೆ ಸಿಗುವುದು ಬರೀ 1 ಮಿ.ಮೀ. ಜಲವರ್ಣದ ಚೌಕ 1 ಮಿ.ಮೀ.ನಲ್ಲಿ ಏನು ಕಾಣುತ್ತದೆ? ಅದೂ ಅಲ್ಲದೆ ಒಂದೇ ಅಂಕಿ ಹೊರಬಳೆಯಲ್ಲಿ ಮೂರು ಪಟ್ಟು ಅಗಲವಾಗಿ, ಒಳಬಳೆಯಲ್ಲಿ ಬಡಕಲಾಗಿ ಕಾಣುತ್ತದೆ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಸಾವುಗಳನ್ನು ಚಕ್ರದಲ್ಲಿ ತೋರಿಸಿದ್ದು ನಿಜ. ಆದರೆ ಅಲ್ಲಿ ಒಂದು ಚಕ್ರಕ್ಕೆ ಹನ್ನೆರಡೇ ಹೋಳು, ತಿಂಗಳಿಗೊಂದು. 365 ಹೋಳಲ್ಲ.

ಬದಲಿಗೆ ವಾರದ ಜಾಲ ಹಾಕಿ. ಹಾಳೆ ಅಡ್ಡಕ್ಕೆ. ವಾರಕ್ಕೊಂದು ಕಂಬ, ಕಂಬದಲ್ಲಿ ಏಳು ಮನೆ, ಸೋಮವಾರ ಮೇಲೆ. 2025ರ ಜನವರಿ 1 ಬುಧವಾರ, ಡಿಸೆಂಬರ್ 31 ಕೂಡ ಬುಧವಾರ. ಹಾಗಾಗಿ ಶುರುವಿನಲ್ಲಿ ಎರಡು ಮನೆ, ಕೊನೆಯಲ್ಲಿ ನಾಲ್ಕು ಮನೆ ಬಿಟ್ಟು 53 ಕಂಬ ಬರುತ್ತವೆ. ಕಂಬಕ್ಕೆ 10 ಮಿ.ಮೀ. ಕೊಟ್ಟರೆ 530, ಎರಡೂ ಬದಿ 32 ಅಂಚು. ಒಟ್ಟು 594, ಒಂದು ಮಿ.ಮೀ. ಕೂಡ ಹೆಚ್ಚುಕಡಿಮೆ ಇಲ್ಲ. ಎಡ ಅಂಚಿನಲ್ಲೇ ವಾರದ ಹೆಸರು ಬರೆಯಬಹುದು. ಎತ್ತರದಲ್ಲಿ ಆಕಾಶದ ಜಾಲಕ್ಕೆ 70, ಕಾಫಿ ಜಾಲಕ್ಕೆ 70, ನಿದ್ದೆಯ ಪಟ್ಟಿಗೆ 40, ಮಳೆಗೆ 10. ಉಳಿದದ್ದು ಶೀರ್ಷಿಕೆ, ಸಂಕೇತಗಳ ವಿವರ ಮತ್ತು ಖಾಲಿ ಜಾಗ. ಖಾಲಿ ಜಾಗ ಕಂಡಾಗ ಇನ್ನೇನಾದರೂ ತುಂಬೋಣ ಅನ್ನಿಸುತ್ತದೆ. ತುಂಬಬೇಡಿ.

ಆಕಾಶದ ಚೌಕಗಳನ್ನು ಫೋನಿನಲ್ಲಿ ಫೋಟೋ ತೆಗೆಯಬೇಡಿ. ಸಂಜೆ ಬಲ್ಬಿನ ಬೆಳಕಲ್ಲಿ ತೆಗೆದ ಪುಟಗಳೆಲ್ಲ ಹಳದಿ ತಿರುಗುತ್ತವೆ, ಫೋನ್ ಪ್ರತಿ ಫೋಟೋಗೂ ಬಿಳಿಯನ್ನು ಬೇರೆ ಬೇರೆ ಥರ ಸರಿಪಡಿಸುತ್ತದೆ. ಆಮೇಲೆ ಜೂನಿನ ಮೋಡ ಬೂದು ಬಣ್ಣದ್ದೋ ನಿಮ್ಮ ಕೋಣೆಯ ಬೆಳಕು ಬೂದು ಬಣ್ಣದ್ದೋ ಹೇಳಲಾಗದು. ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ತನ್ನಷ್ಟಕ್ಕೆ ಬಣ್ಣ ಸರಿಪಡಿಸುವ ಆಯ್ಕೆ ಆಫ್ ಮಾಡಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ. ಎ5 ಪುಸ್ತಕ ಬಿಡಿಸಿಟ್ಟರೆ ಎ4 ಗಾಜಿಗೆ ಸರಿಹೊಂದುತ್ತದೆ, ಒಂದು ಸಲಕ್ಕೆ ಎರಡು ಪುಟ. ಒಂದಿಂಚಿನ ಚೌಕದಿಂದ 300 ಪಿಕ್ಸೆಲ್ ಸಿಗುತ್ತದೆ. ಪೋಸ್ಟರ್‌ನಲ್ಲಿ ಅದು 9 ಮಿ.ಮೀ. ಆಗುವುದರಿಂದ ಬೇಕಾಗುವುದು ಸುಮಾರು 106 ಪಿಕ್ಸೆಲ್. 600ರಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರ್ ತುಂಬಿಸುವ ಅಗತ್ಯವಿಲ್ಲ.

ಕುಂಚದ ಗುರುತು, ಬಣ್ಣ ಹರಿದ ಅಂಚು ಹಾಗೇ ಇರಲಿ ಅಂದರೆ ಸ್ಕ್ಯಾನಿನ ತುಂಡನ್ನೇ ಮನೆಯೊಳಗೆ ಕೂರಿಸಿ. ಸಪಾಟಾದ ಬಣ್ಣ ಬೇಕೆಂದರೆ ಫೋಟೋ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನ ಕಲರ್ ಪಿಕರ್‌ನಲ್ಲಿ ಸರಾಸರಿ ತೆಗೆಯುವ ಆಯ್ಕೆ ಒತ್ತಿ, ಚೌಕದ ನಡುಭಾಗದಿಂದ ಕೋಡ್ ತೆಗೆದುಕೊಳ್ಳಿ. ನನ್ನ ಮತ ಮೊದಲನೆಯದಕ್ಕೆ. ಸಪಾಟು ಬಣ್ಣ ಯಾವ ಸಾಫ್ಟ್‌ವೇರ್‌ನಿಂದಲೂ ಬರುತ್ತದೆ, ಕುಂಚದ ಗುರುತು ನಿಮ್ಮ ಪುಸ್ತಕದಿಂದ ಮಾತ್ರ.

ಕಾಫಿಗೆ ವೃತ್ತ ಹಾಕುವುದಾದರೆ ವ್ಯಾಸವನ್ನು ಲೋಟದ ಲೆಕ್ಕಕ್ಕೆ ನೇರವಾಗಿ ಏರಿಸಬೇಡಿ. ನಾಲ್ಕು ಲೋಟಕ್ಕೆ ನಾಲ್ಕು ಪಟ್ಟು ವ್ಯಾಸ ಕೊಟ್ಟರೆ ಕಣ್ಣಿಗೆ ಬೀಳುವ ವಿಸ್ತೀರ್ಣ ಹದಿನಾರು ಪಟ್ಟು. ಲೋಟದ ಸಂಖ್ಯೆಯ ವರ್ಗಮೂಲವನ್ನು 4 ಮಿ.ಮೀ.ನಿಂದ ಗುಣಿಸಿ: ಒಂದು ಲೋಟಕ್ಕೆ 4, ಎರಡಕ್ಕೆ 5.7, ಮೂರಕ್ಕೆ 6.9, ನಾಲ್ಕಕ್ಕೆ 8 ಮಿ.ಮೀ. ವ್ಯಾಸ. 10 ಮಿ.ಮೀ. ಮನೆಯಲ್ಲಿ ಅಂಚು ಬಿಟ್ಟು ಕೂರುತ್ತದೆ. ಸೊನ್ನೆಗೆ ಒಂದು ಸಣ್ಣ ಚುಕ್ಕೆ. ಬರೆಯದ ದಿನಕ್ಕೆ ತೆಳು ಓರೆಗೆರೆ. ಎರಡೂ ಜಾಲದಲ್ಲಿ ಅದೇ ಓರೆಗೆರೆ ಬರಬೇಕು, ಸಂಕೇತಗಳ ವಿವರದಲ್ಲಿ "ಬರೆಯದ ದಿನ: 47" ಅಂತ ಇರಬೇಕು. ಪಕ್ಕದ ದಿನಗಳ ಬಣ್ಣ ಬಳಿದು ತೇಪೆ ಹಾಕುವುದು ಬೇಡ.

ನಿದ್ದೆಗೆ ವಾರದ ಸರಾಸರಿಯ ಕಂಬಗಳು ಸಾಕು, ಸೊನ್ನೆಯಿಂದಲೇ ಶುರುವಾಗಲಿ. ನಾಲ್ಕಕ್ಕಿಂತ ಕಡಿಮೆ ದಿನ ಬರೆದ ವಾರದ ಜಾಗ ಖಾಲಿ ಬಿಡಿ.

ಚೌಕಳಿ:

ಚಕ್ರ ಬಿಟ್ಟೆ, ಲೆಕ್ಕ ಒಪ್ಪಿದೆ. ಎರಡು ಪ್ರಶ್ನೆ ಉಳಿದಿವೆ. ಮಳೆಯ ಪಟ್ಟಿಗೆ ಜೂನ್, ಜುಲೈ ಅಂತ ಬರೆಯುವ ಬದಲು ಮಳೆ ನಕ್ಷತ್ರದ ಹೆಸರು ಹಾಕಬಹುದೇ? ಮತ್ತೆ, ಮುಂದಿನ ಸಲ ಜನವರಿಯಿಂದಲ್ಲ, ಯುಗಾದಿಯಿಂದ ಯುಗಾದಿಗೆ ಬರೆದರೆ ಜಾಲ ಹೇಗೆ ಬದಲಾಗುತ್ತದೆ?

ಲೆಕ್ಕದಪುಸ್ತಕ:

ನಕ್ಷತ್ರ ಧಾರಾಳವಾಗಿ ಹಾಕಿ. ಸೂರ್ಯ ಒಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಅಂದರೆ ಈ ಜಾಲದಲ್ಲಿ ಸರಿಸುಮಾರು ಎರಡು ಕಂಬಕ್ಕೊಂದು ಹೆಸರು. ಕೂರಿಸುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಕಂಬದ ಗಡಿಗೂ ನಕ್ಷತ್ರದ ಗಡಿಗೂ ತಾಳೆಯಾಗುವುದಿಲ್ಲ. ಮೃಗಶಿರ ಜೂನ್ ಎರಡನೇ ವಾರದ ಆಸುಪಾಸು, ಆರಿದ್ರ ಜೂನ್ 22ರ ಆಸುಪಾಸು ಹುಟ್ಟುತ್ತವೆ. ಆ ವರ್ಷದ ಪಂಚಾಂಗ ನೋಡಿ, ಯಾವ ದಿನ ಹುಟ್ಟಿತೋ ಅಲ್ಲಿಗೆ ಸಣ್ಣ ಗೀಟು ಎಳೆದು ಹೆಸರು ಬರೆಯಿರಿ. 27 ಹೆಸರೂ ಬೇಡ. ರೇವತಿಯಿಂದ ಸ್ವಾತಿ, ವಿಶಾಖದವರೆಗೆ ಸಾಕು, ಉಳಿದ ಕಡೆ ತಿಂಗಳ ಹೆಸರು.

ಯುಗಾದಿಯಿಂದ ಯುಗಾದಿಗೆ ಬರೆಯುವುದಾದರೆ ವರ್ಷದ ಉದ್ದ ಒಂದೇ ಇರದು. 2025ರ ಯುಗಾದಿ ಮಾರ್ಚ್ 30, 2026ರದ್ದು ಮಾರ್ಚ್ 19. ನಡುವೆ 354 ದಿನ. ಅಧಿಕ ಮಾಸ ಬಂದ ವರ್ಷಕ್ಕೆ ಇನ್ನೊಂದು ಮೂವತ್ತು ದಿನ ಸೇರಿ ನಾಲ್ಕೈದು ಕಂಬ ಹೆಚ್ಚುತ್ತವೆ, ಆಗ 10 ಮಿ.ಮೀ. ಕಂಬ ಇಟ್ಟರೆ ಎರಡೂ ಬದಿಯ 32 ಮಿ.ಮೀ. ಅಂಚು ಉಳಿಯುವುದಿಲ್ಲ. ಕಂಬವನ್ನು 9.5ಕ್ಕೆ ಇಳಿಸಿ ಜಾಲ ಮಾಡಿಟ್ಟುಕೊಂಡರೆ ಎರಡಕ್ಕೂ ಆಗುತ್ತದೆ.

ಇನ್ನೊಂದು ಎಚ್ಚರಿಕೆ. "ಮಳೆ ಬಂದ ದಿನ ಕಾಫಿ ಜಾಸ್ತಿ" ಅಂತ ದೊಡ್ಡ ಅಕ್ಷರದಲ್ಲಿ ಬರೆಯುವ ಮುಂಚೆ ಮಳೆ ದಿನದ ಸರಾಸರಿ, ಒಣ ದಿನದ ಸರಾಸರಿ ಬೇರೆ ಬೇರೆ ತೆಗೆದು, ಎಷ್ಟೆಷ್ಟು ದಿನ ಅಂತಲೂ ಪಕ್ಕದಲ್ಲಿ ನಮೂದಿಸಿ. ಬಿಟ್ಟುಹೋದ 47 ದಿನ ಎಲ್ಲೆಂದರಲ್ಲಿ ಬಿಟ್ಟುಹೋದವಲ್ಲ. ಪ್ರಯಾಣ, ಜ್ವರ, ಮದುವೆ ಮನೆ ಇಂಥ ದಿನಗಳಲ್ಲೇ ಪುಸ್ತಕ ತೆರೆಯುವುದಿಲ್ಲ. ಕಾಫಿಯೂ ನಿದ್ದೆಯೂ ಅಂದೇ ಹೆಚ್ಚು ಏರುಪೇರು.

ಅಚ್ಚುಮೊಳೆ:

ಅಚ್ಚಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಪೋಸ್ಟರ್ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಹಾಳೆ. ನಮ್ಮ ಕಡೆ ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 12 × 18 ಅಥವಾ 13 × 19 ಇಂಚು. ಎ2 ಅದರಲ್ಲಿ ಹಿಡಿಯುವುದಿಲ್ಲ. ಅಗಲ ರೋಲಿನ ಇಂಕ್‌ಜೆಟ್ ಇರುವ, ಫೋಟೋ ಅಥವಾ ಕಲಾಕೃತಿ ಪ್ರಿಂಟ್ ಮಾಡುವ ಕಡೆ ಹೋಗಿ, ಮ್ಯಾಟ್ ಕಾಗದ ಕೇಳಿ. ಫ್ಲೆಕ್ಸ್ ಮೆಷಿನ್ ಅಗ್ಗ, ಆದರೆ ಅದು ದೂರದಿಂದ ನೋಡುವ ಬ್ಯಾನರ್‌ಗೆ. ಸಣ್ಣ ಒತ್ತಕ್ಷರ ಅದರಲ್ಲಿ ಪುಡಿಪುಡಿಯಾಗಿ ಕಾಣುತ್ತದೆ. ಹೊಳಪಿನ ಕಾಗದ ತೆಗೆದುಕೊಂಡರೆ ಟ್ಯೂಬ್‌ಲೈಟ್ ಪ್ರತಿಫಲಿಸಿ ಅರ್ಧ ವರ್ಷ ಕಾಣುವುದಿಲ್ಲ.

ಕನ್ನಡ ಅಕ್ಷರ. ಫೈಲ್ ಪೂರ್ತಿ ಯೂನಿಕೋಡ್ ಫಾಂಟ್‌ನಲ್ಲಿರಲಿ: ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಮೂರೂ ಉಚಿತ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಟೈಪ್ ಮಾಡಿದ ಸಾಲನ್ನು ಹಾಗೇ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಂಕ್‌ಸ್ಕೇಪ್ ಒತ್ತಕ್ಷರವನ್ನು ಸರಿಯಾಗಿಯೇ ಜೋಡಿಸುತ್ತದೆ. ಇಲಸ್ಟ್ರೇಟರ್ ಬಳಸುವವರು ಸೌತ್ ಏಷ್ಯನ್ ಕಂಪೋಸರ್ ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ಫೈಲಿನ ಒಂದು ನಕಲು ಮಾಡಿ, ಅದರಲ್ಲಿ ಅಕ್ಷರಗಳನ್ನೆಲ್ಲ ಪಾತ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ, ಬದಲಿಸಿ ಪಿಡಿಎಫ್ ಮಾಡಿ. ಅಂಗಡಿಯವರ ಮಾತಿನಲ್ಲಿ "ಕರ್ವ್ ಮಾಡಿ ಕೊಡಿ". ಮೂಲ ಫೈಲನ್ನೇ ಕರ್ವ್ ಮಾಡಿದರೆ ಆಮೇಲೆ ಒಂದು ಕಾಗುಣಿತ ತಿದ್ದಲೂ ಆಗದು. ಕೊಡುವ ಮುನ್ನ ಸ್ವಾತಂತ್ರ್ಯ, ರಾಷ್ಟ್ರ, ಸೂರ್ಯ, ಆರಿದ್ರ ಈ ನಾಲ್ಕು ಪದ ಪಿಡಿಎಫ್‌ನಲ್ಲಿ ಸರಿ ಬಂದಿವೆಯೇ ನೋಡಿ. ಇವು ಸರಿ ಇದ್ದರೆ ಬಹುಪಾಲು ಉಳಿದದ್ದೂ ಸರಿ ಇರುತ್ತದೆ.

ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ. ಇಂಗ್ಲಿಷಿಗೆ ಸಾಕಾಗುವ 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅತಿ ಸಣ್ಣ ಬರಹ 9 ಪಾಯಿಂಟ್‌ಗಿಂತ ಕೆಳಗಿಳಿಯಬಾರದು. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಹಾಕಿದರೆ ಸ್ವಲ್ಪ ದಪ್ಪನೆಯದನ್ನು ಆರಿಸಿ, ಇಲ್ಲದಿದ್ದರೆ ಮಸಿ ಹರಡಿ ತೆಳು ಗೆರೆ ಮುಚ್ಚಿಹೋಗುತ್ತದೆ.

ಬಣ್ಣ. ಇಂಕ್‌ಜೆಟ್‌ನವರು ಬಹಳಷ್ಟು ಸಲ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕ) ಫೈಲನ್ನೇ ಕೇಳುತ್ತಾರೆ, ಟೋನರ್ ಅಥವಾ ಆಫ್‌ಸೆಟ್‌ನವರಿಗೆ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಈ ನಾಲ್ಕು ಮಸಿಯ ಲೆಕ್ಕ) ಬೇಕು. ಮೊದಲೇ ವಿಚಾರಿಸಿ. ಸಿಎಂವೈಕೆ ಆದರೆ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಆರ್‌ಜಿಬಿ ಕಪ್ಪು ನಾಲ್ಕು ಮಸಿಯ ಕಪ್ಪಾಗಿ ಬದಲಾಗಿ, ಮಸಿಗಳು ಕೂದಲೆಳೆ ಸರಿದರೂ ಸಣ್ಣ ಅಕ್ಷರಕ್ಕೆ ಬಣ್ಣದ ಅಂಚು ಬರುತ್ತದೆ. ಬರಹಕ್ಕೆಲ್ಲ ಕಪ್ಪು ಮಸಿ ಮಾತ್ರ ಶೇಕಡಾ 100 ಇಡಿ. ಇನ್ನೊಂದು ನಿಮ್ಮ ಆಕಾಶಕ್ಕೆ ಸಂಬಂಧಿಸಿದ್ದು: ಪರದೆಯ ಮೇಲಿನ ಕಡು ನೀಲಿ ಅಚ್ಚಿನಲ್ಲಿ ನೇರಳೆಗೆ ತಿರುಗುತ್ತದೆ. ಮಜೆಂಟಾ ಸಯಾನ್‌ಗಿಂತ ಕನಿಷ್ಠ 30 ಕಡಿಮೆ ಇದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

ಹಾಳೆಯ ಅಂಚಿನವರೆಗೆ ಬಣ್ಣ ಹೋಗುವುದಾದರೆ ನಾಲ್ಕೂ ಬದಿ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಬೇಕು, ಅಂದರೆ ಫೈಲ್ 600 × 426. ಹಿನ್ನೆಲೆ ಬಿಳಿಯಾದರೆ ಇದರ ತಲೆನೋವಿಲ್ಲ.

ಪೂರ್ತಿ ಪೋಸ್ಟರ್‌ಗೆ ದುಡ್ಡು ಕೊಡುವ ಮುಂಚೆ ಆಕಾಶದ ಜಾಲದ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಭಾಗ, ಮಳೆ ಪಟ್ಟಿ ಮತ್ತು ಸಂಕೇತಗಳ ವಿವರ ಇಷ್ಟನ್ನು ಎ4ಗೆ ಜೋಡಿಸಿ, ಅದೇ ಮೆಷಿನ್, ಅದೇ ಕಾಗದದಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಎ2ವನ್ನು ಎ4ಗೆ ಕುಗ್ಗಿಸಿ ನೋಡಿದರೆ ಏನೂ ತಿಳಿಯದು. ಆ ತುಂಡನ್ನು ಸ್ಕೆಚ್‌ಬುಕ್ ಪಕ್ಕ ಇಟ್ಟು ಹಗಲು ಬೆಳಕಲ್ಲಿ ಹೋಲಿಸಿ. ಬೂದು ಮೋಡಗಳೆಲ್ಲ ಗುಲಾಬಿಗೋ ಹಸಿರಿಗೋ ವಾಲಿದ್ದರೆ ಬಿಡಿಬಿಡಿಯಾಗಿ ಒಂದೊಂದು ಚೌಕ ತಿದ್ದಲು ಹೋಗಬೇಡಿ. ಜಾಲದ ಚಿತ್ರವನ್ನೆಲ್ಲ ಒಟ್ಟಿಗೆ ಹಿಡಿದು ಒಂದೇ ತಿದ್ದುಪಡಿ ಹಾಕಿ ಮತ್ತೊಂದು ತುಂಡು ತೆಗೆಸಿ.